ಒಲಿ ಆ ಕಡಿ ಇದ್ದಾಗ

ಜಗದೇವಿ ಖಾನಾವಳ್ಯಾಗ ಬಲ್ಬು ಮಿಣುಕ್ತದ ಅಂತ
ಫೋನ್ ಬಂತು. ಶಹಾಬಜಾರ, ಹಿಂದಿನ ಗಲ್ಲಿ.
ಅಂಬಾರಾಯನ ಹೆಗಲ ಮ್ಯಾಲ ನಿಚ್ಚಣಿಕಿ,
ನನ್ನ ಕೈಯಾಗ ಟೆಸ್ಟರು, ಪಕ್ಕಡ, ಅರ್ಧ ಸುತ್ತು ವೈರು.
ಬಲ್ಬಲ್ಲಾ, ಬದಲು ಮಾಡಿ ಹೋಗಾಮ ಅಂದಿದ್ದೆ,
ಹತ್ತು ನಿಮಿಷದ ಕೆಲಸ.

ಒಳಗ ಹೋದ್ರ ವಾಸನಿ.
ರೊಟ್ಟಿದಲ್ಲ, ಪುಂಡಿಪಲ್ಯದ್ದಲ್ಲ,
ತೊಗರಿ ಕಟಗಿ ಹೊಗಿದೂ ಅಲ್ಲ.
ಪ್ಲಾಸ್ಟಿಕ್ ಬಳಿ ಒಲ್ಯಾಗ ಬಿದ್ರ ಬರ್ತದಲ್ಲ, ಹಂಥಾದ್ದು.
"ಎಷ್ಟು ದಿನದಿಂದ?" ಅಂದೆ.
"ಏನು, ಎಷ್ಟು ದಿನದಿಂದ?" ಅಂದ್ಳು ಜಗದೇವಿ.
ರೊಟ್ಟಿ ಬಡಿಯೋ ಕೈ ನಿಲ್ಲಲಿಲ್ಲ.
ದಿನಾ ಇರೋ ವಾಸನಿ, ಮೂಗಿಗಿ ಮನಿ ಮಂದಿ ಇದ್ದಂಗ.

ಮೂರು ಒಲಿ. ಮೂರರ ಹೊಗಿಗೂ ಒಂದೇ ತಗಡಿನ ಕೊಳವಿ,
ಶಹಾಬಾದ್ ಫರ್ಸಿ ಮಾಳಿಗಿ ಕೊರದು ಮ್ಯಾಲ ಹೋಗ್ಯಾದ.
ಸುತ್ತಲಿನ ಕಲ್ಲು ಕರ್ರಗ.
ಆ ಕರೀ ನಡುವ, ಕೊಳವಿಗಿ ನಾಕು ಬೆರಳು ದೂರದಾಗ,
ಕಟಗಿ ಪಟ್ಟಿ ಮ್ಯಾಲ ವೈರು.

ಮೇನ್ ಬಂದ್ ಮಾಡಿಸಿ ನಿಚ್ಚಣಿಕಿ ಹತ್ತಿದೆ.
ಕೆಂಪು ವೈರು ಕಂದಾಗ್ಯಾದ, ಕರೀ ವೈರು ಬೂದಿ.
ಉಗುರು ತಾಗಿದ್ರ ಸಾಕು, ಸುಲೀತು,
ಹುರದ ಶೇಂಗಾದ ಸಿಪ್ಪಿ ಹಂಗ.
ಒಳಗಿನ ತಾಮ್ರಕ್ಕ ಮೈಮ್ಯಾಲ ಬಟ್ಟಿಲ್ಲ.
ಮಗ್ಗಲ ವೈರಿಂದೂ ಅದೇ ಗತಿ.
ನಡುವ ಉಳಿದಿದ್ದು ಕೂದಲೆಳಿಯಷ್ಟು ಗಾಳಿ,
ಒಂದಿಷ್ಟು ಮಸಿ.

"ಯಾವ ಮೂಳ ಹಾಕ್ಯಾನ ಇದನ್ನ!" ಅಂದ ಅಂಬಾರಾಯ ಕೆಳಗಿಂದ.
ನಾನೂ ಬೈಲಿಕ್ಕಂತ ಬಾಯಿ ತಗದೆ.
ಮಸಿ ಒರಸಿದ್ದಲ್ಲಿ, ಪಟ್ಟಿ ಮ್ಯಾಲ,
ಮೊಳಿಲೇ ಗೀಚಿದ ಎರಡು ಅಕ್ಷರ. ನನ್ನವು.
ಇಸ್ಮಾಯಿಲ್ ಉಸ್ತಾದ್ ಹೇಳ್ತಿದ್ರು:
ಕೆಲಸ ಮುಗಿದ ಮ್ಯಾಲ ಹೆಸರು ಬರಿ ಮಗನಾ,
ನಾಳಿ ಬೈಸಿಕೊಳ್ಳಾಕ ಒಬ್ಬವ ಇರಬೇಕು.
ತಗದ ಬಾಯಿ ಹಂಗೇ ಮುಚ್ಚಿದೆ.

ಮೀಸಿ ಮೂಡದ ವಯಸ್ಸು ನಂದು ಆವಾಗ.
ಒಲಿ ಆ ಕಡಿ ಇತ್ತು, ನೀರಿನ ಹೌದಿನ ಮಗ್ಗಲ.
ಇಲ್ಲಿ ಜ್ವಾಳದ ಚೀಲ ಒಟ್ಟತಿದ್ರು. ತಂಪು ಗ್ವಾಡಿ.
ಇದಕ್ಕಿಂತ ಛಲೋ ಜಾಗ ಸಿಗಂಗಿಲ್ಲ ಅಂದಿದ್ರು ಉಸ್ತಾದ್.
ಆಮ್ಯಾಲ ಗಿರಾಕಿ ಹೆಚ್ಚಾತು,
ಒಂದೊಲಿ ಮೂರಾಗಿ ಈ ಕಡಿ ಬಂತು.
ಒಲಿ ಹೂಡಿದಾಕಿ ಮ್ಯಾಲ ನೋಡಲಿಲ್ಲ.
ಕೊಳವಿ ಕೂಡಿಸಿದವ ತನ್ನ ತೂತಷ್ಟೇ ನೋಡಿದ.
ವೈರಿಗಂತೂ ಕಾಲಿಲ್ಲ, ಎದ್ದು ಸರೀಲಿಕ್ಕ.

ಫ್ಯೂಸ್ ಕಿತ್ತು ನೋಡಿದ್ರ
ಒಳಗ ಸೈಕಲ್ ಬ್ರೇಕಿನ ತಂತಿ!
"ಪದೇ ಪದೇ ಹೋಗ್ತಿತ್ತು,
ನಮ್ಮ ಹುಡುಗ ಗಟ್ಟಿ ಮಾಡ್ಯಾನ" ಅಂದ್ಳು, ಹೆಮ್ಮಿಲೇ.
ಹೋಗೋದೇ ಅದರ ಕೆಲಸ ಅಕ್ಕಾ,
ಅದು ಹೋದ್ರ ನೀ ಉಳೀತಿ.

ಹತ್ತು ನಿಮಿಷ ಅಂದದ್ದು ಮೂರು ತಾಸಾತು.
ಹೊಸ ವೈರು ಕಬ್ಬಿಣದ ಪೈಪಿನಾಗ ಹಾಕಿ
ಬಾಗಿಲ ಮ್ಯಾಲಿಂದ ಸುತ್ತಿ ತಂದೆ, ಕೊಳವಿಯಿಂದ ಮೂರು ಮೊಳ ಬಿಟ್ಟು.
"ಇಷ್ಟು ದೂರ ಯಾಕೋ, ವೈರು ದಂಡ."
ಕೊಳವಿಗಿ ಕೈ ಹಚ್ಚಿ ನೋಡು ಅಂದೆ.
ಹಚ್ಚಲಿಲ್ಲ.
ನಿನಗ ಚುರ್ ಅಂದ್ರ ಕೈ ಹಿಂದಕ ತಗೋತಿ,
ಅದು ಏನ್ ಮಾಡಬೇಕು, ಹೇಳು.

ವೈರಿನ ರೊಕ್ಕ ತಗೊಂಡೆ, ಕೈಕೂಲಿ ಬ್ಯಾಡಂದೆ.
"ಯಾಕ?"
"ಹಳೇ ಬಾಕಿ."
ತಿಳೀಲಿಲ್ಲ ಆಕಿಗಿ. ಎರಡು ಬಿಸಿ ರೊಟ್ಟಿ,
ಮ್ಯಾಲ ಶೇಂಗಾ ಹಿಂಡಿ ಹಾಕಿ ಕೈಗಿಟ್ಟಳು.

ಅಂಬಾರಾಯ ಒಂದು ಇದ್ದಿಲು ಆರಿಸಿಕೊಂಡು
ಹೊಸ ಪೈಪಿನ ಕೆಳಗ ಗ್ವಾಡಿ ಮ್ಯಾಲ ಬರದ,
"ಇಲ್ಲಿ ವಲಿ ಹೂಡಬ್ಯಾಡ್ರಿ",
ಅದರ ಕೆಳಗ ತನ್ನ ಹೆಸರು, ಸೊಟ್ಟ.
"ಏನ್ ಬರದಾನ?" ಕೇಳಿದ್ಳು ಜಗದೇವಿ. ಓದಿ ಹೇಳಿದೆ.
"ಇಲ್ಲ್ಯಾಕ ಒಲಿ ಹೂಡ್ಲಿ?" ಅಂದ್ಳು,
"ಇಲ್ಲಿ ಫ್ರಿಜ್ ಬರ್ತದ."

ಇಳಿಸಿದ ನಿಚ್ಚಣಿಕಿ ಮತ್ತ ಗ್ವಾಡಿಗಿ ಆನಿಸಿದೆ.
ಯಾವ ಫ್ರಿಜ್ಜು ಅಕ್ಕಾ, ಎಷ್ಟು ದೊಡ್ಡದು?