ಕಾಟನ್ನಿಗಿಂತ ಒಂದು ಚೂರು ಹೆಚ್ಚು

ಶ್ರೀರಾಂಪುರದ ನಮ್ಮ ಓಣಿಗೆ ನೀರು ದಿನ ಬಿಟ್ಟು ದಿನ,
ರಾತ್ರಿ ಎರಡಕ್ಕೋ ಮೂರಕ್ಕೋ,
ವಾಲ್ವ್‌ಮನ್‌ಗೆ ಎಚ್ಚರವಾದಾಗ.
ಅದಕ್ಕೇ ಈ ಬೋರ್ಡು. ನಲ್ಲಿಯ ಬಾಯಲ್ಲಿ ಎರಡು ತಂತಿ,
ಹನಿ ತಾಗಿದರೆ ಕೂಗುವ ಬಜರು.
ಅಷ್ಟೇ.

ನಕ್ಷೆ ಬರೆದದ್ದು ಕಾಸು ಕೇಳದ ಸಾಫ್ಟ್‌ವೇರಿನಲ್ಲಿ.
ಯಾವ ದೇಶದ ಯಾರೋ ನಿದ್ದೆಗೆಟ್ಟು ಮಾಡಿ
ತಗೋ ಎಂದು ಬಿಟ್ಟುಹೋದದ್ದು.
ಒಂದೇ ಪದರ ತಾಮ್ರ; ಗೆರೆ ಗೆರೆಯನ್ನು ದಾಟುವಂತಿಲ್ಲ,
ವಠಾರದಲ್ಲಿ ಮಾತು ಬಿಟ್ಟ ಎರಡು ಸಂಸಾರಗಳ ಹಾಗೆ
ಒಬ್ಬರ ಬಾಗಿಲು ತಪ್ಪಿಸಿ ಇನ್ನೊಬ್ಬರು ಸುತ್ತಿ ಬರಬೇಕು.
ಒಂದು ಕಡೆ ಸೋತು, ತಂತಿಯ ತುಂಡಿನಿಂದ
ಮೇಲುಸೇತುವೆ ಕಟ್ಟಿದೆ. ಊರಿನ ಗುಣ.

ವಾರಪತ್ರಿಕೆಯ ನುಣುಪು ಹಾಳೆ ಕೊಟ್ಟರೆ
ಜೆರಾಕ್ಸಿನ ಕದಿರಪ್ಪ ಮುಖ ಕಿವುಚಿದ:
ಸಿಕ್ಕಿಹಾಕಿಕೊಂಡ್ರೆ ಡ್ರಮ್ಮಿನ ದುಡ್ಡು ನಿಂದೇ.
ಜಾಹೀರಾತಿನ ಮದುಮಗಳ ನೆಕ್ಲೇಸಿನ ಮೇಲೆ
ನನ್ನ ಕಪ್ಪು ಗೆರೆಗಳು ಬಂದವು, ಬಿಸಿಬಿಸಿ.

ಮನೆಗೆ ಬಂದರೆ ಕರೆಂಟಿಲ್ಲ.
ಹಾಳೆ, ತಾಮ್ರ ಹಿಡಿದು ಬಾದಾಮಿ ಮರದಡಿಯ ಗಾಡಿಗೆ ಹೋದೆ.
ಅಂಜಲೈ ಕೆಂಡ ಊದಿ, ಪೆಟ್ಟಿಗೆಯ ತಳಕ್ಕೆ
ನೀರು ಚಿಮುಕಿಸಿ ಸದ್ದು ಕೇಳಿದಳು.
ಏನಿದು, ರೇಷ್ಮೆಯಾ ಕಾಟನ್ನಾ?
ತಾಮ್ರ ಅಂದೆ.
ಹಾಗಾದ್ರೆ ಕಾಟನ್ನಿಗಿಂತ ಒಂದು ಚೂರು ಹೆಚ್ಚು,
ಎಂದು ತಾನೇ ತೀರ್ಮಾನಿಸಿ
ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

ಬಕೆಟ್ಟಿನಲ್ಲಿ ನೆನೆಸಿ ಹೆಬ್ಬೆರಳಿನಿಂದ ಉಜ್ಜಿದೆ.
ಮದುಮಗಳು ಚೂರುಚೂರಾಗಿ ತೊಳೆದುಹೋದಳು,
ಗೆರೆ ನಿಂತಿತು.
ಮೊಸರಿನ ಡಬ್ಬದಲ್ಲಿ ಫೆರಿಕ್ ಕ್ಲೋರೈಡು,
ಮೊದಲ ಡಿಕಾಕ್ಷನ್ನಿನ ಬಣ್ಣ; ಇಪ್ಪತ್ತು ನಿಮಿಷ ಅಲ್ಲಾಡಿಸಿದೆ.
ಚೆಲ್ಲಿದ ಒಂದು ಹನಿ ಇನ್ನೂ ಮೊಸಾಯಿಕ್ ನೆಲದಲ್ಲಿದೆ,
ಓನರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವವರೆಗೂ ಇರುತ್ತದೆ.

ಎಸ್.ಪಿ. ರೋಡಿನ ಕೂದಲೆಳೆ ಬಿಟ್ಟು ಎರಡು ಮುರಿದು
ತೂತೆಲ್ಲ ಕೊರೆದಾದ ಮೇಲೆ ತಿಳಿಯಿತು,
ಪ್ರಿಂಟಿನಲ್ಲಿ ‘ಕನ್ನಡಿ’ ಗುಂಡಿ ಒತ್ತಬಾರದಿತ್ತು.
ಐಸಿಯ ಒಂದನೇ ಕಾಲಿನ ಜಾಗದಲ್ಲಿ ಎಂಟನೆಯದು.
ಮೂಲೆಯಲ್ಲಿ ಅವಳಿಗೆಂದು ಬರೆದಿದ್ದ ಹೆಸರು
ಬಲದಿಂದ ಎಡಕ್ಕೆ.

ನಾಚಿಕೊಂಡೇ ತೋರಿಸಿದೆ.
ನಂಗೆ ತಮಿಳು ಮಾತ್ರ ಓದಕ್ಕೆ ಬರೋದು,
ನೆಟ್ಟಗಿದ್ರೂ ಅಷ್ಟೇ ತಿರುಗಿದ್ರೂ ಅಷ್ಟೇ,
ಎಂದು ಆ ಕೆಟ್ಟ ಬೋರ್ಡನ್ನು
ಗಾಡಿಯ ಮೊಳೆಗೆ ತಗುಲಿಹಾಕಿಕೊಂಡಳು.

ಎರಡನೆಯದು ಸರಿಬಂತು. ಅವಳ ನಲ್ಲಿಗೇ ಕಟ್ಟಿ ಬಂದೆ.
ಮೊನ್ನೆ ರಾತ್ರಿ ಎರಡೂ ನಲವತ್ತಕ್ಕೆ ಕೂಗಿತಂತೆ.
ಎದ್ದು ನೋಡಿದರೆ ಬರೀ ಗಾಳಿ,
ಅದರ ಹಿಂದೆ ಒಂದೇ ಒಂದು ತೊಟ್ಟು.
ಅರ್ಧ ಗಂಟೆ ಕೊಡ ಹಿಡ್ಕೊಂಡು ಕೂತಿದ್ದೆ, ಅಂದಳು,
ನಿನ್ನ ಪೆಟ್ಟಿಗೆಗೆ ನನಗಿಂತ ಜಾಸ್ತಿ ಆಸೆ.