ಪಲ್ಲಂಗದ ಕೆಳಗ ತೊಗರಿ

ಸರ್ವೆಯರ್ ಜಗದೇವಪ್ಪ ಚಪ್ಪಲಿ ಹೊರಗ ಬಿಟ್ಟು
ಟೇಪು ಹಿಡಕೊಂಡು ಒಳಗ ಬಂದ.
ನೀರು ಕೊಟ್ಟೆ. ಕುಡದ.
ನಕಾಶಿ ಬಿಚ್ಚಿ ಹಾರಬಾರದಂತ ಮೂಲಿಗೊಂದು ಇಟ್ಟ:
ನನ್ನ ಹಿತ್ತಾಳಿ ಲೋಟ, ಅಡಕೊತ್ತು, ಒಂದು ಉಳ್ಳಾಗಡ್ಡಿ,
ಅವನದೇ ಮೊಬೈಲು.

"ಅವ್ವಾ, ಗಾಂವಠಾಣ ಇಲ್ಲಿಗೆ ಮುಗೀತದ" ಅಂದ.
ಸೀಮೆಸುಣ್ಣದಲೆ ಗೆರಿ ಎಳಕೋತ ಹೊಂಟ
ದೇವರ ಮಾಡದಿಂದ, ಅಡಗಿ ಮನಿ ಹೊಸ್ತಿಲ ದಾಟಿ,
ನೀಲಿ ಪರ್ಸಿ ಮ್ಯಾಲ ಸೀದಾ.
ಹೊಸ ಖೋಲಿಗೆ ಬಂದು ಮಂಡಿ ಊರಿ
ಪಲ್ಲಂಗದ ಅಡಿಗೆ ಹೋದ.
ಬರೇ ಅಂಗಾಲು ಕಾಣತಿದ್ದವು.
ಅಲ್ಲಿಂದ ಕೂಗಿದ: "ಇದರಾಚೆ ಹೊಲ ಅದ."

ಸರ್ವೆ ನಂಬರ್ ನೂರಾ ಹದಿನಾಲ್ಕು, ಹಿಸ್ಸಾ ಎರಡು.
ಪಹಣಿ ಓದಿದ: ಖುಷ್ಕಿ. ಬೆಳಿ ತೊಗರಿ.
ಅಂದರ
ಸನ್ನತಿ ಕಲ್ಲು ನೋಡಲಾಕ ಬಂದವರು
ಇಷ್ಟು ದಿನ ಮಲಗಿದ್ದು ತೊಗರಿಯೊಳಗ.
ಫ್ಯಾನು ತಿರಗಿದ್ದು ತೊಗರಿಯೊಳಗ.
ಹೋದ ತಿಂಗಳು ಪುಣೆದ ಮುದುಕ ಮಾಸ್ತರ
ಕೆಮ್ಮಿ ಕೆಮ್ಮಿ ನಡುರಾತ್ರಿ ಎದ್ದು ಕುಂತದ್ದು
ಹೂ ಬಿಟ್ಟ ತೊಗರಿಯೊಳಗ.

ಪಂಚಾಯತಿ ನೋಟಿಸು ಮೂರು ಸಲ ಓದೀನಿ.
ರೊಕ್ಕ ಕೊಟ್ಟು ತಂಗುವವರಿಗೆ ಹೊಲದಾಗ ಖೋಲಿ ಕೊಡಬಾರದು.
ಬೀಗರ ಮಾತು ಅದರಾಗಿಲ್ಲ.
ಬೀಗರು ಹದಿನೈದು ದಿನ ಉಂಡು ಮಲಗಿದರೂ
ಟೇಪು ತರವರು ಯಾರಿಲ್ಲ.
ಹೋಗೂ ಮುಂದ ಅವರೂ ಹುಡುಗರ ಮುಷ್ಟಿಯೊಳಗ
ಮಡಚಿದ್ದೊಂದು ನೋಟು ತುರುಕತಾರ.
ಅದಕ್ಕ ಸರಕಾರದಾಗ ಏನು ಹೆಸರು?

ಅರ್ಜಿ ಕೊಟ್ಟವ ಮಾಪಣ್ಣ, ಹಿಂದಿನ ಮನಿ.
ಬೈಯಲಾಕ ನನಗ ಬಾಯಿ ಬರವಲ್ದು.
ನಳ ಬರೂದು ಮೂರು ದಿನಕ್ಕೊಮ್ಮೆ.
ನನ್ನ ಖೋಲಿಗೆ ಬಂದವರು ಒಂದೇ ಮುಂಜಾನಿ
ಅವನ ಮನಿ ವಾರದ ನೀರು
ಹಾಡಕೋತ ಮೈಮ್ಯಾಲ ಸುರಕೋತಾರ.
ಹುಣಿವಿ ದಿನ ಬಿಳಿ ಕಾರೊಂದು ಬಂಡಿ ಹಾದಿಗೆ ಅಡ್ಡ ನಿಂತು
ಅವನ ಎತ್ತು ಬಿಸಲಾಗ ಒಂದು ತಾಸು.
ಅವ ನನಗೇನೂ ಅನಲಿಲ್ಲ. ಎತ್ತಿನ ಕೊಳ್ಳು ಸವರಿದ.
ಮರುದಿನ ಚಿತ್ತಾಪುರಕ್ಕ ಹೋಗಿ ಅರ್ಜಿ ಬರೆಸಿದ.
ಅದರಾಗ ನೀರಿನ ಮಾತಿಲ್ಲ, ಎತ್ತಿನ ಮಾತಿಲ್ಲ,
ಗೆರಿ ಒಂದೇ.
ಬರಕೊಟ್ಟವ ಹೇಳಿರಬೇಕು:
ಎತ್ತಿಗೆ ಕಲಮಿಲ್ಲಪ್ಪ, ಗೆರಿಗದ.

ಅಳಿಯೂದರಾಗ ಹೊತ್ತಾತು. ವಾಡಿಗೆ ಹೋಗೂ ಕಡೀ ಬಸ್ಸು
ಹಾರ್ನ್ ಹೊಡಕೋತ ಅಗಸಿ ದಾಟಿದ್ದು
ಇಬ್ಬರೂ ಕೇಳಿದಿವಿ.
ಜಗದೇವಪ್ಪ ನಕಾಶಿ ಸುತ್ತಿದ, ಬಿಚ್ಚಿದ, ಮತ್ತ ಸುತ್ತಿದ.
"ಪಂಚಾಯತಿ ಕಟ್ಟಿ ಮ್ಯಾಲ ಮಕ್ಕೋತೀನಿ."
ಭೀಮಾ ದಂಡಿ ಸೊಳ್ಳಿ ನೀ ಕಂಡಿಲ್ಲ, ಅಂದೆ.
ಎರಡು ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ.
ಬ್ಯಾಳಿ ಯಾವ ನಂಬರಿನ ಹೊಲದ್ದು
ಅಂತ ಅವ ಕೇಳಲಿಲ್ಲ.

ರಾತ್ರಿ ಎಚ್ಚರಾತು.
ಗೋಡಿ ಆಚೆ ಕಬ್ಬಿಣದ ಕಾಲು ಪರ್ಸಿಗೆ ತಿಕ್ಕೂ ಸಪ್ಪಳ.
ನಿಂತಿತು.
ಮತ್ತ ಒಂದು ಗೇಣು.

ಬೆಳಕು ಹರಿಯೂದರಾಗ ಅವ ಮೊದಲ ಬಸ್ಸು ಹತ್ತಿದ್ದ.
ಹೊದಿಕಿ ಮಡಚಿತ್ತು. ಪಲ್ಲಂಗ ಗೋಡಿಗೆ ಹತ್ತಿತ್ತು.
ನೀಲಿ ಕಲ್ಲಿನ ಮ್ಯಾಲ ನಾಲ್ಕು ಬಿಳಿ ಗೀರು.
ತಲಿದಿಂಬು ಗಾಂವಠಾಣದಾಗ.
ಎಷ್ಟು ಜಗ್ಗಿದರೂ ಖೋಲಿ ಸಾಲಲಿಲ್ಲ ಕಾಣತದ,
ಕಾಲ ಕಡಿ ಒಂದು ಮೊಳ
ಇನ್ನೂ ಹೊಲದಾಗೇ ಉಳದಿತ್ತು.

ವರದಿಯೊಳಗ ಏನು ಬರದಾನೋ ಗೊತ್ತಿಲ್ಲ.
ಇವತ್ತು ನಳ ಬಂತು.
ಮಾಪಣ್ಣನ ಮನಿಗೆ ಎರಡು ಕೊಡ ಕಳಿಸಿದೆ.
ಬ್ಯಾಡ ಅನಲಿಲ್ಲಂತ.
ಕೊಡ ಇನ್ನೂ ತಿರುಗಿ ಬಂದಿಲ್ಲ.