ರಸೀತಿ

ಚುನಾವಣೆ ಸಾರಿದ ಮೂರನೆಯ ದಿನ
ಕಂಪ್ಲಿ ಠಾಣೆಯ ಅಂಗಳದಲ್ಲಿ ಬಂದೂಕುಗಳ ಸಾಲು.
ಹಳೇ ಪಂಚೆ ಸುತ್ತಿದವು, ಗೊಬ್ಬರದ ಚೀಲದಲ್ಲಿ ಬಂದವು,
ಒಂದಂತೂ ಮೊಮ್ಮಗನ ಹೆಗಲೇರಿ, ಕೂಸಿನ ಹಾಗೆ.
ನಾನು ರೈಟರ್. ನಂಬರು ಬರೆದು, ಚೀಟಿ ಕಟ್ಟಿ
ಲಾಕಪ್ಪಿನ ಗೋಡೆಗೆ ಆನಿಸುತ್ತೇನೆ.
ಆ ದಿನಗಳಲ್ಲಿ ಕಳ್ಳರಿಗೂ ನಮ್ಮಲ್ಲಿ ಜಾಗವಿಲ್ಲ.

ದೇವಲಾಪುರದ ಹುಲಿಗೆಮ್ಮ ನಲವತ್ಮೂರನೆಯವಳು.
ಗಂಡನ ಲೈಸೆನ್ಸು ಅವಳ ಹೆಸರಿಗೆ ಬರಲು
ಆರು ವರ್ಷ, ಎರಡು ಜೊತೆ ಚಪ್ಪಲಿ.
ನಾಡಬಂದೂಕು. ಕುದುರೆಗೆ ತುಕ್ಕು.
ನಳಿಗೆಯೊಳಗೆ ಕುಂಬಾರ ಹುಳದ ಮಣ್ಣುಗೂಡು.
"ಇದು ಹಾರೋದಿಲ್ಲಲ್ಲ ಯವ್ವಾ?"
"ಅದು ನಿನಗ ಗೊತ್ತು, ನನಗ ಗೊತ್ತು."

ಉದ್ದೇಶದ ಕಾಲಮ್ಮಿನಲ್ಲಿ ಬೆಳೆ ರಕ್ಷಣೆ ಎಂದಿದೆ.
ಸುಳ್ಳಲ್ಲ. ದರೋಜಿ ಗುಡ್ಡದ ಕರಡಿ ಇಳಿಯುತ್ತದೆ,
ಮೆಕ್ಕೆಜೋಳ ಮುರಿಯುತ್ತದೆ.
ಆದರೆ ಕರಡಿ ಬದು ಒತ್ತುವುದಿಲ್ಲ,
ಕುಡಿದು ಬಂದು ನಡುರಾತ್ರಿ ಅಗಳಿ ಅಲ್ಲಾಡಿಸುವುದಿಲ್ಲ.
ಅದು ಮೈದುನ. ಊರಿಗೆಲ್ಲ ಗೊತ್ತು.
ಅರ್ಜಿಯಲ್ಲಿ ಕರಡಿ ಎಂದು ಬರೆದುಕೊಟ್ಟವನು ನಾನೇ.

ಅಷ್ಟರಲ್ಲಿ ಅದಿರಿನ ಧಣಿಯ ಡ್ರೈವರ್ ಬಂದ,
ಬಂದೂಕು ತರಲಿಲ್ಲ, ಕಾಗದ ತಂದ.
ಜೀವಕ್ಕೆ ಅಪಾಯ, ವಿನಾಯಿತಿ, ಸಮಿತಿಯ ಸೀಲು.
"ಅಪಾಯ ಐತಂತ ಯಾರು ಹೇಳಿದ್ರು?" ಕೇಳಿದಳು.
"ಅವರೇ ಹೇಳ್ಯಾರ."
"ನಾನೂ ಹೇಳ್ತೀನಿ. ಬರ್ಕೊ."

ಪೆನ್ನಿನ ಮುಚ್ಚಳ ಹುಡುಕಿದೆ.

ಗೋಡೆಯ ಟಿವಿಯಲ್ಲಿ ಇಬ್ಬರು ಜಗಳಕ್ಕೆ ಕೂತಿದ್ದರು.
ಕೆಳಗೆ ಓಡುವ ಅಕ್ಷರಗಳಲ್ಲಿ ಒಬ್ಬನಿಗೆ ಹಕ್ಕು, ಒಬ್ಬನಿಗೆ ದೇಶದ ಭದ್ರತೆ.
ವೈರ್‌ಲೆಸ್ ಕೇಳಲೆಂದು ದನಿ ಕಡಿಮೆ ಮಾಡಿದ್ದೆವು,
ಇಬ್ಬರ ಬಾಯೂ ಒಂದೇ ಥರ ತೆರೆಯುತ್ತಿತ್ತು.

ನನಗೂ ಒಂದು ಮಾತಿದೆ, ಯಾರೂ ಕೇಳಿಲ್ಲ.
ಹತ್ತೊಂಬತ್ತು ವರ್ಷದ ಹಿಂದೆ, ಮತಗಟ್ಟೆಯ ಮುಂದಿನ ಜಗಳದಲ್ಲಿ
ಇಂಥದೇ ಒಂದು ನಾಡಬಂದೂಕು ಹಾರಿತ್ತು.
ಹುಡುಗನನ್ನು ಜೀಪಿಗೆ ಎತ್ತಿದವನು ನಾನು.
ಬೆರಳಿನ ಶಾಯಿ ಇನ್ನೂ ಹಸಿಯಿತ್ತು,
ನನ್ನ ತೋಳಿಗೆ ಹತ್ತಿತು.
ಅದಕ್ಕೇ, ಬಂದೂಕುಗಳು ಕಂಬಿಯ ಹಿಂದೆ ಇರುವಷ್ಟು ರಾತ್ರಿ
ನನಗೆ ಚೆನ್ನಾಗಿ ನಿದ್ದೆ ಬರುತ್ತದೆ.
ದೇವಲಾಪುರದಲ್ಲಿ ಒಬ್ಬಳು ಅಷ್ಟೂ ರಾತ್ರಿ
ಬಾಗಿಲಿಗೆ ಬೀಸುಕಲ್ಲು ಆನಿಸಿ ಕೂರುತ್ತಾಳೆ.
ಎರಡನ್ನೂ ಒಂದೇ ಪುಟದಲ್ಲಿ ಬರೆಯಲು
ನನ್ನ ರಿಜಿಸ್ಟರಿಗೆ ಅಗಲ ಸಾಲದು.

ಎಣಿಕೆ ಮುಗಿಯಿತು. ಪಟಾಕಿಯ ಚೂರು ಗುಡಿಸಿದ ಮೇಲೆ
ಒಬ್ಬೊಬ್ಬರೇ ಬಂದರು, ಒಯ್ದರು.
ಹುಲಿಗೆಮ್ಮ ಮೇಜಿನ ಮೇಲೆ ರಸೀತಿ ಇಟ್ಟಳು.
ನಡುವೆ ಒಂದು ತೂತು, ಅಂಚಿಗೆ ತುಕ್ಕು.
"ಹರಿದೀರಿ ಅಲ್ಲ?"
"ಬಂದೂಕಿನ ಮೊಳಿಗೆ ಸಿಗಿಸಿದ್ದೆ.
ಗ್ವಾಡಿ ಬರಿದಾಗಿ ಕಾಣಬಾರದಲ್ಲ."

ಅವಳ ಹಣೆಯ ಗಾಯ ಹೊಸದಿತ್ತು.
ಕೇಳಲಿಲ್ಲ. ನಳಿಗೆಯಲ್ಲಿ ಇಣುಕಿದೆ:
ಮಣ್ಣುಗೂಡು ಒಡೆದಿತ್ತು, ಹುಳ ಹಾರಿಹೋಗಿತ್ತು.
ಷರಾ ಬರೆದೆ:
ಬಂದ ಸ್ಥಿತಿಯಲ್ಲೇ ಮರಳಿಸಲಾಗಿದೆ.
ಅವಳು ಹೆಬ್ಬೆಟ್ಟು ಒತ್ತಿದಳು.